ಗೋವಿಂದಮ್ಮ ಮಾತು ಬಿಟ್ಟಿದ್ದು

ತಮಿಳುನಾಡಿಗೆ ಸೇರಿದ ಹೊಸೂರಿನ ಕಡೆ, ಸಾನಮಾವು ಕಾಡಿನ ಅಂಚಿನ ಆ ಊರಲ್ಲಿ ಗೋವಿಂದಮ್ಮನ ಮನೆ ಎಲ್ಲಿ ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ಬಸ್ಸಿಳಿದು ಸುಮ್ಮನೆ ನಿಂತರೆ ಅವಳ ದನಿ ಕೇಳಿಸುತ್ತಿತ್ತು, ಆ ದನಿ ಹಿಡಿದು ಹೋದರೆ ಮನೆ ಸಿಗುತ್ತಿತ್ತು. ಕೋಳಿಯ ಜೊತೆ ಮಾತು, ಕೊತ್ತಂಬರಿ ಮಡಿಯ ಜೊತೆ ಮಾತು, ಒಲೆ ಹತ್ತದಿದ್ದರೆ ಸೌದೆಯ ಅಪ್ಪ ಅಮ್ಮನವರೆಗೂ ಮಾತು. ಗಂಡ ಆವುಲಪ್ಪ ಇದಕ್ಕೆ ತದ್ವಿರುದ್ಧ. ಮದುವೆಯಾದ ಹೊಸತರಲ್ಲಿ ಒಂದೆರಡು ಸಲ ಬಾಯಿ ತೆರೆದು ನೋಡಿದನಂತೆ, ನಡುವೆ ಜಾಗ ಸಿಗಲಿಲ್ಲವಂತೆ, ಆಮೇಲೆ ಆ ಆಸೆಯನ್ನೇ ಬಿಟ್ಟನಂತೆ. ಊರವರು ಹೀಗೆ ಹೇಳಿಕೊಂಡು ನಗುತ್ತಿದ್ದರು. ಗೋವಿಂದಮ್ಮನೂ ಸೇರಿಕೊಂಡು ನಗುತ್ತಿದ್ದಳು.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲಮ್ಮಿ" ಎಂದು ಪಕ್ಕದ ಮನೆಯ ಆದಿಲಕ್ಷ್ಮಿ ಛೇಡಿಸಿದರೆ, "ಬಂಗಾರ ಮಡಗೋ ಅಷ್ಟು ಸಾವ್ಕಾರ್ರಲ್ಲ ಕಣಮ್ಮಿ ನಾವು, ಬೆಳ್ಳಿಲೇ ಇರ್ತೀವಿ" ಅನ್ನುತ್ತಿದ್ದಳು.

ಅವಳು ಗುಮ್ಮಳಾಪುರದಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮನೆಯಲ್ಲಿ ಕನ್ನಡ, ಕಳೆ ಕೀಳುವ ಹೆಂಗಸರ ಜೊತೆ ತೆಲುಗು, ಹೊಸೂರಿನ ಸಂತೆಯಲ್ಲಿ ತಮಿಳು. ಸೊಪ್ಪಿನ ಬುಟ್ಟಿ ಹೊತ್ತು ಬೆಳಗಿನ ಬಸ್ಸು ಹತ್ತಿದರೆ ಮೂರು ಭಾಷೆಯನ್ನೂ ಒಂದೇ ಉಸಿರಲ್ಲಿ ಕಲಸಿ ಕಂಡಕ್ಟರನ ಜೊತೆ ಜಗಳ ತೆಗೆಯುತ್ತಿದ್ದಳು. ಹಾಗಂತ ಮೂರೂ ಒಂದೇ ಸಮ ಅಂದುಕೊಳ್ಳಬಾರದು. ತಮಿಳಲ್ಲಿ ಅವಳಿಗೆ ವ್ಯಾಪಾರ ಬರುತ್ತಿತ್ತು, ಜಗಳ ಬರುತ್ತಿತ್ತು. ಮುದ್ದು ಬರುತ್ತಿರಲಿಲ್ಲ.

ಮಗ ಸುಬ್ರಮಣಿ ಟೊಮೇಟೊ ಗಾಡಿ ಓಡಿಸುತ್ತಿದ್ದ. ಸೊಸೆ ಗಂಗಾದೇವಿ ಹೊಸೂರಿನ ಕಂಪನಿಯೊಂದರಲ್ಲಿ ಶಿಫ್ಟಿಗೆ ಹೋಗುತ್ತಿದ್ದಳು. ಹಾಗಾಗಿ ಅವರ ಮಗಳು ನಂದಿತಾ ಬೆಳೆದದ್ದೆಲ್ಲ ಅಜ್ಜಿಯ ಮಗ್ಗುಲಲ್ಲೇ. ಆ ಮಗುವಿಗೆ ಮೂರು ವರ್ಷ ತುಂಬಿದರೂ ಮಾತಿಲ್ಲ. ಕರೆದರೆ ತಿರುಗುವುದಿಲ್ಲ. ಬುಟ್ಟಿಯ ಅಂಚನ್ನು ಬೆರಳಿಂದ ಸವರುತ್ತಾ ಹೊತ್ತು ಹೋಗುವ ತನಕ ಕೂತಿರುತ್ತಿತ್ತು. ಯಾರಾದರೂ ಎತ್ತಿಕೊಂಡರೆ ಚೀರುತ್ತಿತ್ತು, ತಾನಾಗಿ ಯಾರನ್ನೂ ಮುಟ್ಟುತ್ತಿರಲಿಲ್ಲ. ಕಿವಿ ತೋರಿಸಿದರು, ಕಿವಿ ಚೆನ್ನಾಗಿದೆ ಅಂದರು. ಹರಕೆ ಹೊತ್ತರು, ತಾಯಿತ ಕಟ್ಟಿಸಿದರು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಆಟಿಸಂ ಅಂದರು. ಆ ಹೆಸರು ಮನೆಯಲ್ಲಿ ಯಾರ ನಾಲಗೆಯಲ್ಲೂ ಹೊರಳಲಿಲ್ಲ, ಅದಕ್ಕೇ ಅದರ ಮಾತನ್ನು ಯಾರೂ ಎತ್ತಲಿಲ್ಲ.

ಮಾತಾಡದ ಮಗುವಿನ ಎದುರು ಬೇರೆಯವರು ಸುಮ್ಮನಾಗುತ್ತಾರೆ. ಗೋವಿಂದಮ್ಮನಿಗೆ ಅದೆಲ್ಲಿ ಸಾಧ್ಯ? ಮಧ್ಯಾಹ್ನ ಸೊಪ್ಪು ಕಟ್ಟಲು ಕೂತರೆ ಮಗುವನ್ನೂ ಎದುರಿಗೆ ಕೂರಿಸಿಕೊಂಡು, ಕೈ ಆಡಿದ ಹಾಗೆ ಬಾಯಿ ಆಡಿಸುತ್ತಿದ್ದಳು. "ಹಿಡಿ ತುಂಬ ಹಿಡಿ, ನಾರು ಸುತ್ತು, ಬೇರು ಕುಟ್ಟು, ಬುಟ್ಟಿಗೆ ಹಾಕು." ಪ್ರತಿ ಕಟ್ಟಿಗೂ ಅದೇ ನಾಲ್ಕು ಮಾತು. ಒಂದು ಮಧ್ಯಾಹ್ನ "ಬುಟ್ಟಿಗೆ" ಅನ್ನುವಷ್ಟರಲ್ಲಿ ಕೋಳಿಯೊಂದು ಸೊಪ್ಪಿಗೆ ಬಾಯಿ ಹಾಕಿತು. ಗೋವಿಂದಮ್ಮ ಅದನ್ನು ಅಟ್ಟಲು ತಿರುಗಿದಳು. ಹಿಂದಿನಿಂದ ಸಣ್ಣ ದನಿ ಬಂತು: "ಆಕು."

ಜೀವಮಾನದಲ್ಲಿ ಮೊದಲ ಬಾರಿಗೆ ಅವಳಿಗೆ ಮಾತು ಸಿಗಲಿಲ್ಲ. ಮತ್ತೊಂದು ಕಟ್ಟು ತೆಗೆದುಕೊಂಡು ನಾರು ಸುತ್ತಿ "ಬುಟ್ಟಿಗೆ" ಎಂದು ನಿಲ್ಲಿಸಿದಳು. "ಆಕು" ಅಂದಿತು ಮಗು. ಆವತ್ತು ಆ ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸೊಪ್ಪು ಕಿತ್ತರು, ಸಂಜೆಯವರೆಗೂ ಕಟ್ಟಿದರು. ಆಮೇಲೆ ಒಂದೊಂದಾಗಿ ಇನ್ನಷ್ಟು ಬಂದವು. ಸೊಪ್ಪಿಗೆ ಪೊಪ್ಪು, ಕೋಳಿಗೆ ಕೊಕ್ಕೊ, ಬಾ, ಅಜ್ಜಿ. ಬೆರಳಲ್ಲಿ ಎಣಿಸಿ ಮುಗಿಯುವಷ್ಟು. ಗೋವಿಂದಮ್ಮ ಅವನ್ನು ಊರೆಲ್ಲ ಸಾರಿಕೊಂಡು ಬಂದಳು.

ಮಾತಿಗೂ ಮುಂಚೆ ಆ ಮಗು ಕಲಿತದ್ದು ಇನ್ನೊಂದಿತ್ತು. ಅದನ್ನು ಆ ಕಡೆಯ ಮಕ್ಕಳೆಲ್ಲ ಕಲಿಯುತ್ತವೆ. ರಾಗಿ ತೆನೆ ಬಲಿತ ಕಾಲಕ್ಕೆ ಕಾಡಿನಿಂದ ಆನೆಗಳು ಇಳಿಯುತ್ತವೆ. ಆಗ ಆನೆ ಅನ್ನಬಾರದು, ಸ್ವಾಮಿ ಅನ್ನಬೇಕು. ಹೊಲದವರು ದೂರದಲ್ಲಿ ತಗಡು ಬಡಿಯುತ್ತಾರೆ. ಮನೆಯ ಹಿತ್ತಲಿಗೇ ಬಂದುಬಿಟ್ಟರೆ ಮಾತ್ರ ಯಾರೂ ಉಸಿರೆತ್ತುವಂತಿಲ್ಲ. ಮನೆಯ ಹಿರಿಯಳು ತುಟಿಯ ಮೇಲೆ ಬೆರಳಿಟ್ಟರೆ ಮುಗಿಯಿತು, ಹಾಲು ಕುಡಿಯುವ ಕೂಸೂ ಸದ್ದು ಮಾಡದು. ನಂದಿತಾ ಹೇಳಿದ್ದೇನನ್ನೂ ಕೇಳದಿದ್ದರೂ ಇದನ್ನು ಮಾತ್ರ ಕೇಳುತ್ತಿದ್ದಳು. ಅಜ್ಜಿಯ ಬೆರಳು ತುಟಿಗೆ ಹೋದ ಕೂಡಲೇ ಮೂಲೆಯ ರಾಗಿ ಮೂಟೆಯ ಪಕ್ಕಕ್ಕೆ ಸರಿದು, ಬಾಗಿಲ ಕಡೆ ಕಣ್ಣಿಟ್ಟು ಕಲ್ಲಿನ ಹಾಗೆ ಕೂತುಬಿಡುತ್ತಿದ್ದಳು. "ನಮ್ಮ ಮಗಿಗೆ ಬುದ್ಧಿ ಇಲ್ಲ ಅನ್ನೋರು ಇದ್ನ ಬಂದು ನೋಡ್ಲಿ" ಎಂದು ಗೋವಿಂದಮ್ಮ ಅದಕ್ಕೂ ಬೀಗಿದ್ದಳು.

ಐದು ವರ್ಷವಾಯಿತು, ಒಂದನೇ ಕ್ಲಾಸಿಗೆ ಸೇರಿಸಬೇಕು. ಊರಿನ ಶಾಲೆ ತಮಿಳಿನದು. ಹೆಡ್‌ಮೇಷ್ಟ್ರು ಒಳ್ಳೆಯವರೇ, ಸೇರಿಸಿಕೊಳ್ಳುತ್ತೇನೆ ಅಂದರು. ಅದಕ್ಕೂ ಮೊದಲು ಇಂಥ ಮಕ್ಕಳಿಗಾಗಿ ನಡೆಯುವ ಕ್ಯಾಂಪಿಗೆ ಕರೆದುಕೊಂಡು ಹೋಗಿ ಅಂದರು. ಬೇಸಿಗೆಯ ಒಂದು ದಿನ ಅತ್ತೆ ಸೊಸೆ ಇಬ್ಬರೂ ಮಗುವನ್ನು ಕರೆದುಕೊಂಡು ಹೋದರು. ಅಲ್ಲಿ ಜನವೋ ಜನ. ತಪಾಸಣೆ ಮಾಡಿದ ಹೆಂಗಸು ಬೆವರು ಒರೆಸಿಕೊಳ್ಳುತ್ತಾ ಗಂಗಾದೇವಿಯ ಹತ್ತಿರ ತಮಿಳಿನಲ್ಲಿ ಏನೇನೋ ಹೇಳಿದಳು. ಗೋವಿಂದಮ್ಮ ಆ ಹೊತ್ತಿಗೆ ಗಲಾಟೆ ತಾಳಲಾರದೆ ಚೀರುತ್ತಿದ್ದ ಮಗುವನ್ನು ಹೊರಗೆ ಸಮಾಧಾನ ಮಾಡುತ್ತಿದ್ದಳು.

ಬಸ್ಸಿನಲ್ಲಿ ಬರುವಾಗ ಗಂಗಾದೇವಿ ಮೆಲ್ಲಗೆ ಹೇಳಿದಳು: "ಅತ್ತೆ, ಮನೇಲಿ ಮೂರ್ಮೂರು ಭಾಷೆ ಕೇಳಿ ಮಗಿಗೆ ತಲೆ ಕೆಡ್ತದಂತೆ. ಒಂದೇ ಭಾಷೆ ಆಡ್ಬೇಕಂತೆ. ಸ್ಕೂಲ್ದು ತಮಿಳಲ್ವಾ, ಮನೇಲೂ ತಮಿಳೇ ಆಡಿ ಅಂದ್ರು. ಕನ್ನಡ ಬ್ಯಾಡ್ವಂತೆ."

"ನಂಗೆ ತಮಿಳು ಎಷ್ಟ್ ಬತ್ತದೆ ಅಂತ ನಿಂಗೊತ್ತಿಲ್ವಾ?"

"ಬಂದಷ್ಟು ಆಡಿ ಅತ್ತೆ. ಇಲ್ಲಾಂದ್ರೆ ಅವ್ಳು ಕ್ಲಾಸ್ನಲ್ಲಿ ನಿಲ್ಲಾಕಿಲ್ವಂತೆ."

ಗೋವಿಂದಮ್ಮ ಕಿಟಕಿಯ ಆಚೆ ನೋಡಿದಳು. ತಾನು ಇಷ್ಟು ದಿನ ಮಗುವಿನ ತಲೆ ಕೆಡಿಸಿದೆನೇ? ಊರಲ್ಲಿ ಯಾರು ಏನೇ ಅಂದರೂ ತಿರುಗಿಸಿ ಎರಡು ಹೇಳುವವಳು ಈ ಒಂದು ಮಾತಿಗೆ ಎದುರಾಡಲಿಲ್ಲ. ಓದಿದವರು ಹೇಳಿದ್ದು, ಮಗುವಿನ ಒಳ್ಳೆಯದಕ್ಕೆ ಹೇಳಿದ್ದು. ಆ ಮಗು ಎಲ್ಲರ ಮಕ್ಕಳ ಹಾಗೆ ಚೀಲ ಹಾಕಿಕೊಂಡು ಶಾಲೆಗೆ ಹೋಗಲಿ ಅನ್ನುವುದೊಂದೇ ಅವಳಿಗೆ ಉಳಿದಿದ್ದ ಆಸೆ. ಅದಕ್ಕೆ ನಾಲಗೆ ಕೇಳಿದರೆ ನಾಲಗೆಯನ್ನೇ ಕೊಡುವಳು.

ಎರಡು ದಿನ ತಮಿಳು ಆಡಿ ನೋಡಿದಳು. ಇಲ್ಲಿ ಬಾ ಅನ್ನಲು "ಇಂಗ ವಾ" ಅಂದಳು, ಉಣ್ಣು ಅನ್ನಲು "ಸಾಪ್ಡು" ಅಂದಳು. ಸಂತೆಯಲ್ಲಿ ಗಿರಾಕಿಯನ್ನು ಕೂಗಿದ ಹಾಗೇ ಕೇಳಿಸಿತು. ಮಗು ಬೇರೆ ಯಾರೋ ಬಂದಿದ್ದಾರೆ ಅನ್ನುವಂತೆ ಬಾಗಿಲ ಕಡೆ ನೋಡಿತು. ಸೊಪ್ಪು ಕಟ್ಟುವಾಗ ಹೇಳಲು ತಮಿಳಿನಲ್ಲಿ ಏನೂ ಹೊಳೆಯಲಿಲ್ಲ. ಮೂರನೇ ದಿನದಿಂದ ಗೋವಿಂದಮ್ಮ ಬಾಯಿಯನ್ನೇ ಮುಚ್ಚಿಕೊಂಡಳು.

ಸುಮ್ಮನಿರುವುದು ಅವಳಿಗೆ ಹಸಿದು ಕೂತ ಹಾಗೆ. ಮಗು ನಿದ್ದೆ ಹೋದ ಮೇಲೆ ಕೊತ್ತಂಬರಿ ಮಡಿಯ ನಡುವೆ ಹೋಗಿ, ಬೆಳಗಿನಿಂದ ಒಳಗೇ ಇಟ್ಟುಕೊಂಡಿದ್ದನ್ನೆಲ್ಲ ಸೊಪ್ಪಿಗೆ ಹೇಳಿ ಬರುತ್ತಿದ್ದಳು. ಮನೆಯೊಳಗೆ ಪಾತ್ರೆಯ ಸದ್ದು ಬಿಟ್ಟರೆ ಏನಿಲ್ಲ. ಒಂದು ದಿನ ಆವುಲಪ್ಪ ಮುದ್ದೆಯ ತಟ್ಟೆ ಮುಂದಿಟ್ಟುಕೊಂಡು, "ಏನಾನ ಮಾತಾಡಮ್ಮಿ. ಮುದ್ದೆ ಗಂಟ್ಲಲ್ಲಿ ಇಳೀತಿಲ್ಲ" ಅಂದ. ಗೋವಿಂದಮ್ಮ ಮಗುವಿನ ಕಡೆ ಕಣ್ಣು ತೋರಿಸಿ ತಲೆ ಅಲ್ಲಾಡಿಸಿದಳು. ಆದಿಲಕ್ಷ್ಮಿ ಬಂದು ಬೆಳ್ಳಿ ಬಂಗಾರದ ತಮಾಷೆ ತೆಗೆದವಳು ಅವಳ ಮುಖ ನೋಡಿ ಎದ್ದು ಹೋದಳು. ಮೌನ ಬಂಗಾರವಂತೆ! ಆ ಗಾದೆ ಕಟ್ಟಿದ ಮಹಾನುಭಾವನನ್ನು ಆ ಮನೆಯಲ್ಲಿ ಒಂದು ವಾರ ಕೂರಿಸಬೇಕಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಮಧ್ಯಾಹ್ನಗಳು. ಅವಳು ತುಟಿ ಬಿಗಿದು ಸೊಪ್ಪು ಕಟ್ಟುತ್ತಿದ್ದಳು. ಮಗು ಎದುರಿಗೆ ಕೂತು ಕಾಯುತ್ತಿತ್ತು. ಒಂದು ದಿನ ಕಟ್ಟು ಬುಟ್ಟಿಗೆ ಬೀಳುವಾಗ ತಾನಾಗಿ "ಆಕು" ಅಂದಿತು. ಕನ್ನಡ ಬೇಡ ಅಂದಿದ್ದಾರೆ. ಹೇಳಿ ತಿಳಿಸಬೇಕಾದರೂ ಕನ್ನಡದಲ್ಲೇ ಹೇಳಬೇಕು. ತೋಚದೆ ತುಟಿಯ ಮೇಲೆ ಬೆರಳಿಟ್ಟಳು.

ಮಗು ತಟ್ಟನೆ ಸುಮ್ಮನಾಗಿ, ಎದ್ದು ರಾಗಿ ಮೂಟೆಯ ಪಕ್ಕಕ್ಕೆ ಸರಿದು ಕೂತಿತು. ಹೇಳಿದ ಮಾತು ಎಷ್ಟು ಚೆನ್ನಾಗಿ ಕೇಳುತ್ತದೆ ಅಂದುಕೊಂಡಳು ಗೋವಿಂದಮ್ಮ. ಆಮೇಲೆ ಪೊಪ್ಪು ಅಂದಾಗ ಬೆರಳಿಟ್ಟಳು, ಕೊಕ್ಕೊ ಅಂದಾಗ ಬೆರಳಿಟ್ಟಳು. ಅಜ್ಜಿ ಅಂದಾಗಲೂ ಇಟ್ಟಳು. ಆ ದಿನ ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಶಾಲೆ ಶುರುವಾಗುವ ಹೊತ್ತಿಗೆ ಬೆರಳಿಡುವ ಕೆಲಸವೇ ಬೀಳಲಿಲ್ಲ.

ಜೂನಿನಲ್ಲಿ ಹೊಸ ಯೂನಿಫಾರಂ ಹಾಕಿ ಕಳಿಸಿದರು. ಮೊದಲ ದಿನವೇ ಎಲ್ಲಿ ವಾಪಸ್ ಕಳಿಸುತ್ತಾರೋ ಎಂದು ಗೋವಿಂದಮ್ಮ ಶಾಲೆಯ ಕಟ್ಟೆಯ ಮೇಲೆ ಕಾದು ಕೂತಳು. ಒಂದನೇ ಕ್ಲಾಸಿನ ಶ್ಯಾಮಲಮ್ಮ ಟೀಚರ್ ಮಧ್ಯಾಹ್ನ ನಗುತ್ತಾ ಹೊರಗೆ ಬಂದರು. "ಎಷ್ಟು ಒಳ್ಳೆ ಮಗು! ಏನೂ ತೊಂದ್ರೆ ಇಲ್ಲಮ್ಮ. ಮೂಲೇಲಿ ಬಾಗ್ಲು ನೋಡ್ಕೊಂಡು ಕೂತಿರ್ತಾಳೆ, ಒಂದು ಸದ್ದಿಲ್ಲ." ಗೋವಿಂದಮ್ಮ ಅಲ್ಲೇ ಕೈಮುಗಿದಳು. ಕ್ಯಾಂಪಿನವರು ಹೇಳಿದ್ದು ನಿಜವೇ ಆಯಿತಲ್ಲ ಅಂದುಕೊಂಡಳು. ಗಂಗಾದೇವಿ ಶಿಫ್ಟು ಮುಗಿಸಿ ಬಂದವಳು ಅದನ್ನು ಕೇಳಿ ಅತ್ತೆಯ ಕೈ ಹಿಡಿದುಕೊಂಡಳು. ಆ ಮನೆಯಲ್ಲಿ ಆ ದಿನ ಪಾಯಸ ಮಾಡಿದರು. ನೆನೆಸಿಕೊಂಡರೆ ಹೊಟ್ಟೆ ಉರಿಯುವುದು ಆ ಪಾಯಸಕ್ಕೇ.

ಸೆಪ್ಟೆಂಬರಿನಲ್ಲಿ ವಿಶೇಷ ಮಕ್ಕಳಿಗೆ ಕಲಿಸುವ ಅರುಣ್‌ಕುಮಾರ್ ಎಂಬ ಹೊಸ ಮೇಷ್ಟ್ರು ಬಂದರು. ಸುತ್ತಿನ ಅಷ್ಟೂ ಶಾಲೆಗೆ ಅವರೊಬ್ಬರೇ. ನಂದಿತಾಳ ಎದುರು ನೆಲದ ಮೇಲೆ ಬಹಳ ಹೊತ್ತು ಕೂತು ಆಡಿಸಿ ನೋಡಿದರು. ಆಮೇಲೆ ಅಜ್ಜಿಯನ್ನು ಕರೆಸಿದರು. "ಈ ಮಗು ಯಾವತ್ತಾದ್ರೂ ಮಾತಾಡಿದ್ದುಂಟಾ?" ಎಂದು ತಮಿಳಿನಲ್ಲಿ ಕೇಳಿದರು. ಗೋವಿಂದಮ್ಮ ತಡವರಿಸಿದಳು. "ಕನ್ನಡದಲ್ಲೇ ಹೇಳಿ ಅಜ್ಜಿ, ನಂಗೂ ಬರುತ್ತೆ" ಅಂದರು. ಅವಳು ಮಗು ದೂರದಲ್ಲಿದೆಯೇ ಎಂದು ತಿರುಗಿ ನೋಡಿ, ಪಿಸುಮಾತಿನಲ್ಲಿ ಸೊಪ್ಪಿನ ಕಥೆಯನ್ನೂ ಆಕು ಅಂದದ್ದನ್ನೂ ಕನ್ನಡ ಬಿಟ್ಟದ್ದನ್ನೂ ಹೇಳಿದಳು.

ಮೇಷ್ಟ್ರು ಅವಳ ಹತ್ತಿರಕ್ಕೆ ಸರಿದು ಕೂತರು. "ಮನೆಮಾತು ನಿಲ್ಲಿಸಬಾರದಿತ್ತು ಅಜ್ಜಿ. ಭಾಷೆ ಜಾಸ್ತಿ ಆಗಿ ಮಕ್ಕಳ ಮಾತು ನಿಲ್ಲಲ್ಲ. ಮಾತಾಡೋರು ಇಲ್ದೆ ನಿಲ್ಲುತ್ತೆ."

"ದೊಡ್ಡೋರು ಹೇಳಿದ್ರು ಸಾರ್."

"ಹೇಳಿರಬಹುದು. ತಪ್ಪಾಗಿ ಹೇಳಿದ್ದಾರೆ."

"ಮತ್ತೆ ಬತ್ತದಾ ಸಾರ್, ಮಾತು?"

ಸುಳ್ಳು ಹೇಳಲು ಅವರಿಗೆ ಬಾಯಿ ಬರಲಿಲ್ಲ. "ಗೊತ್ತಿಲ್ಲ ಅಜ್ಜಿ. ನೀವು ಮಾತಾಡಿ. ಮೊದಲಿನ ಹಾಗೇ ಮಾತಾಡಿ" ಅಂದರು.

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಅಂತಾರೆ. ಆಡದೆ ಇದ್ದರೂ ಹೋಗುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಮಗುವನ್ನು ಮುಂದೆ ಬಿಟ್ಟುಕೊಂಡು ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅವಳು ತನ್ನನ್ನೇ ಬೈದುಕೊಂಡಳು. ಆ ಕ್ಯಾಂಪಿನವಳನ್ನು ಬೈಯಲೂ ಅವಳಿಗೆ ಶಕ್ತಿ ಇರಲಿಲ್ಲ.

ಮನೆಗೆ ಬಂದವಳು ಊಟಕ್ಕೂ ಕೂರಲಿಲ್ಲ. ಮಡಿಯಿಂದ ಒಂದು ತೆಕ್ಕೆ ಕೊತ್ತಂಬರಿ ಕಿತ್ತು ತಂದು ನಡುಮನೆಯಲ್ಲಿ ಹರಡಿದಳು. ಬುಟ್ಟಿ ಇಟ್ಟಳು. ನಂದಿತಾ ರಾಗಿ ಮೂಟೆಯ ಪಕ್ಕದ ತನ್ನ ಜಾಗದಲ್ಲಿ ಬಾಗಿಲು ನೋಡುತ್ತಾ ಕೂತಿದ್ದಳು. ಗೋವಿಂದಮ್ಮ ಗಂಟಲು ಸರಿಮಾಡಿಕೊಂಡಳು. ದನಿ ಒಡೆದು ಬಂತು, ಆದರೂ ಬಂತು.

"ಹಿಡಿ ತುಂಬ ಹಿಡಿ. ನಾರು ಸುತ್ತು. ಬೇರು ಕುಟ್ಟು. ಬುಟ್ಟಿಗೆ..."

ಕಟ್ಟನ್ನು ಬುಟ್ಟಿಯ ಮೇಲೆ ಹಿಡಿದು ಕಾದಳು. ಮಗು ತಿರುಗಿತು. ಎಷ್ಟೋ ತಿಂಗಳ ಮೇಲೆ ಅಜ್ಜಿಯ ಮುಖವನ್ನು ನೇರವಾಗಿ ನೋಡಿತು. ಮಗು ಎದ್ದು, ಸೊಪ್ಪು ತುಳಿಯದ ಹಾಗೆ ಹೆಜ್ಜೆ ಇಟ್ಟು, ಅಜ್ಜಿಯ ಹತ್ತಿರಕ್ಕೆ ಬಂದು ನಿಂತಿತು. ಹುಟ್ಟಿದಾಗಿನಿಂದ ಯಾರನ್ನೂ ತಾನಾಗಿ ಮುಟ್ಟದ ಮಗು ಕೈ ಎತ್ತಿ, ಅಜ್ಜಿಯ ತುಟಿಯ ಮೇಲೆ ಬೆರಳಿಟ್ಟಿತು. ಇಟ್ಟು, ಬಾಗಿಲ ಕಡೆ ನೋಡಿತು.

ಹೊರಗೆ ಬಿಸಿಲಿತ್ತು. ರಾಗಿ ಇನ್ನೂ ತೆನೆ ಬಿಟ್ಟಿರಲಿಲ್ಲ. ಆನೆ ಇಳಿಯುವ ಕಾಲ ದೂರವಿತ್ತು. ಬೇಸಿಗೆಯಿಂದ ಈವರೆಗೆ ಈ ಮಗು, ಮನೆಯಲ್ಲೂ ಶಾಲೆಯಲ್ಲೂ, ಹಿತ್ತಲಿಗೆ ಬಂದ ಸ್ವಾಮಿ ಹೋಗಲಿ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದೆ ಅನ್ನುವುದು ಗೋವಿಂದಮ್ಮನಿಗೆ ಆಗ ತಿಳಿಯಿತು.

"ಸ್ವಾಮಿ ಇಲ್ಲ ಕಣಮ್ಮಿ" ಎಂದು ಹೇಳಲು ಬಾಯಿ ತೆರೆದಳು. ಬೆರಳು ಇನ್ನಷ್ಟು ಒತ್ತಿತು. ಗೋವಿಂದಮ್ಮ ಸುಮ್ಮನಾದಳು.