ಒಂಬತ್ತು ಅಂದರೆ ಹತ್ತು

ಮದ್ದೂರು ಅಂದರೆ ನಿಮಗೆ ವಡೆಯ ವಾಸನೆ ನೆನಪಾಗಬಹುದು. ನನಗೆ ಬೆಸುಗೆಯ ಹೊಗೆ. ನಿನ್ನೆ ಮನೆಯಲ್ಲಿ ಕೂತು ರೇಡಿಯೋದ ತಂತಿಗೆ ಬೆಸುಗೆ ಹಾಕುತ್ತಿದ್ದೆ. ಹೊಗೆ ಮೂಗಿಗೆ ಬಡಿದದ್ದೇ ತಡ, ಜಯಕ್ಕ ನೆನಪಾದಳು.

ಜಯಕ್ಕ ನನ್ನ ದೊಡ್ಡಮ್ಮನ ಮಗಳು. ಮದ್ದೂರಿನಲ್ಲಿ ಫ್ಯಾನು, ಮಿಕ್ಸಿ, ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾಳೆ. ತನ್ನ ಸಾಮಾನು ಯಾರ ಕೈಗೂ ಕೊಡುವವಳಲ್ಲ. ಒಮ್ಮೆ ಭಾವಮೈದುನ ಸ್ಕ್ರೂಡ್ರೈವರ್ ಕೇಳಿದ್ದಕ್ಕೆ ಅದರ ಜೊತೆ ತಾನೂ ಹೋಗಿ, ಸ್ಕ್ರೂ ತಿರುಗಿಸಿಕೊಟ್ಟು, ವಾಪಸ್ ತಂದಳು. ಅಂಥವಳು ನನಗೆ ತನ್ನ ಟೆಸ್ಟರ್ ಕೊಟ್ಟಳು. ಅಂಗೈಯಗಲದ ಡಬ್ಬ, ಬಿಡಿಭಾಗದ ಕಾಲು ಸಿಕ್ಕಿಸಿದರೆ ಅದೇನು, ಎಷ್ಟರದ್ದು, ಸರಿಯಿದೆಯೋ ಇಲ್ಲವೋ ಎಂದು ಪುಟ್ಟ ಪರದೆಯ ಮೇಲೆ ಬರೆಯುತ್ತದೆ.

"ನೀನು ಮೇಷ್ಟ್ರು ಅಂತ ಕೊಡ್ತಿವ್ನಿ ಕಣ್ಲಾ. ಕಂಡೆನ್ಸರ್ ಸಿಗಿಸಕ್ಕೆ ಮುಂಚೆ ಎರಡೂ ಕಾಲು ಮುಟ್ಟಿಸಿ ಕರೆಂಟು ಇಳಿಸ್ಬುಡು."

ಮಳವಳ್ಳಿಯಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನಿಗೇ ಪಾಠವೇ? ಮನೆಗೆ ಬಂದವನೇ ನೀರಿನ ಮೋಟಾರಿನ ಕಂಡೆನ್ಸರ್ ಬಿಚ್ಚಿ ನೇರವಾಗಿ ಸಿಕ್ಕಿಸಿದೆ. ಅದರಲ್ಲಿ ಉಳಿದಿದ್ದ ಕರೆಂಟಿಗೆ ಟೆಸ್ಟರ್ ಚಟ್ ಅಂದಿತು. ಪರದೆ ಕಪ್ಪಾಯಿತು.

ಬೈಗುಳಕ್ಕೆ ನಾನು ಹೆದರಲಿಲ್ಲ. ಜಯಕ್ಕ ನಂಬಿ ಸಾಮಾನು ಕೊಟ್ಟ ಒಬ್ಬನೇ ಮನುಷ್ಯ ಎಂದು ನೆಂಟರ ಮುಂದೆಲ್ಲ ಬೀಗಿದ್ದೆನಲ್ಲ, ಆ ನಂಬಿಕೆ ಹೋಗುತ್ತದೆಂದು ಹೆದರಿದೆ. ಅವಳು ಫೋನ್ ಮಾಡಿದಾಗೆಲ್ಲ "ಕೆಲಸ ಇನ್ನೂ ಮುಗಿದಿಲ್ಲಕ್ಕ" ಎನ್ನುತ್ತಾ ಗುಟ್ಟಾಗಿ ಟೆಸ್ಟರಿಗೆ ಹೊಸ ಎಲೆಕ್ಟ್ರಾನಿಕ್ ಚಿಪ್ಪು ತರಿಸಿದೆ. ಹೊಸ ಚಿಪ್ಪಿಗೆ ಏನೂ ಗೊತ್ತಿರುವುದಿಲ್ಲ, ಲ್ಯಾಪ್‌ಟಾಪಿನಿಂದ ಪ್ರೋಗ್ರಾಂ ತುಂಬಬೇಕು. ಮೊದಲ ಸಲ ಚಿಪ್ಪನ್ನೇ ತಿರುಗಾಮುರುಗಾ ಕೂರಿಸಿದ್ದೆ. ಎರಡನೇ ಸಲ ಪರದೆಯ ಮೇಲೆ ಯಾವುದೋ ದೇಶದ ಲಿಪಿ ಬಂತು, ಅರ್ಥವಾದವನಂತೆ ತಲೆಯಾಡಿಸಿದೆ. ಮೂರನೇ ಸಲ ಟೆಸ್ಟರಿಗೆ ಎಚ್ಚರವಾಯಿತು. ಅಳತೆಯನ್ನೂ ಕರಾರುವಾಕ್ಕಾಗಿ ಕೂರಿಸಿ, "ತಗೋಳಕ್ಕ, ಒಂದು ಗೀರೂ ಆಗಿಲ್ಲ" ಎಂದು ಒಪ್ಪಿಸಿ ಬಂದೆ.

ಮಾರನೇ ದಿನವೇ ಫೋನು. "ಲೋ, ಅತ್ತು ಇರ್ಬೇಕಾದ ಹೊಸಾ ಕಂಡೆನ್ಸರೆಲ್ಲ ಅನ್ನೊಂದು ಬತ್ತಾವೆ. ಏನ್ ಮಾಡ್ದೆ ಇದುಕ್ಕೆ?"

ಲ್ಯಾಪ್‌ಟಾಪ್ ಹಿಡಿದು ಓಡಿದೆ. ಎಲ್ಲವನ್ನೂ ಒಪ್ಪಿಕೊಂಡೆ. ಕೊನೆಗೆ ಜಂಬ ತಡೆಯದೆ, "ಈಗ ಅದು ನಿಜ ಹೇಳ್ತದೆ ಕಣಕ್ಕ" ಎಂದೆ.

"ನಿಜವ ಯಾರ್ ಕೇಳುದ್ರು? ಮೊದ್ಲಿಂದ್ಲೂ ಇದು ಒಂಬತ್ತು ಅಂದ್ರೆ ನಾನು ಅತ್ತು ಅನ್ಕತಿದ್ದೆ. ಈಗ ಇದು ಅತ್ತು ಅಂತದೆ, ನನ್ ತಲೆ ಅನ್ನೊಂದು ಅಂತದೆ. ಮೊದ್ಲಿನಂಗೇ ಮಾಡ್ಕೊಡು."

ಅಂಗಡಿಯಲ್ಲೇ ಕೂತು, ಹತ್ತು ಇದ್ದರೆ ಒಂಬತ್ತು ಎನ್ನುವಂತೆ ಪ್ರೋಗ್ರಾಂ ತಿದ್ದಿದೆ. ಸರ್ವಿಸಿನಲ್ಲಿ ಯಾವ ಹುಡುಗನಿಗೂ ಬೇಕೆಂದೇ ತಪ್ಪು ಕಲಿಸಿದವನಲ್ಲ ನಾನು. ಅವಳು ಪರೀಕ್ಷಿಸಿ, ಒಂಬತ್ತು ಕಂಡು ತೃಪ್ತಳಾದಳು. ಆಮೇಲೆ ಫ್ಯಾನಿನಿಂದ ತಲೆಯೆತ್ತದೆಯೇ ಕೇಳಿದಳು: "ಇದು ಸುಳ್ಳೇಳುದ್ರೆ ಒಂದು ಸೇರುಸ್ಕೊತೀನಿ. ನೀನು ಸುಳ್ಳೇಳುದ್ರೆ ಎಷ್ಟು ಸೇರುಸ್ಕೊಳ್ಳಾನ?"

ನಾಚಿಕೆಯಿಂದ ಕುಗ್ಗಿಹೋದೆ. ಆಮೇಲೆ ಟೆಸ್ಟರ್ ನನ್ನ ಕೈಗೆ ಬರಲಿಲ್ಲ, ಸಣ್ಣಪುಟ್ಟ ಸಾಮಾನಷ್ಟೇ.

ನಿನ್ನೆ ಬೆಸುಗೆಯ ಕಾದ ಐರನ್ ತಗುಲಿ, ಅವಳಿಂದ ತಂದಿದ್ದ ಕಟಿಂಗ್ ಪ್ಲೇಯರಿನ ಪ್ಲಾಸ್ಟಿಕ್ ಹಿಡಿ ಕರಗಿತು. ಹೊಗೆ ಆರುವ ಮೊದಲೇ ಫೋನ್ ಮಾಡಿ, "ನಿನ್ನ ಪ್ಲೇಯರ್ ಸುಟ್ಟಾಕ್ಬುಟ್ಟೆ ಕಣಕ್ಕ" ಎಂದೆ.



"ನಾಳೆ ಬಾ," ಅಂದಳು. "ಟೆಸ್ಟರ್ ಬೇಕಾದ್ರೆ ತಕಂಡೋಗು."