ಮೂರನೇ ಪ್ಯಾರಾ

ಸುಳ್ಳು ಹೇಳಿದ್ದೆ. ಆರು ವರ್ಷದ ಹಿಂದೆ, ನಮ್ಮ ನೈರೋಬಿ ಕನ್ನಡ ಸಂಘದ ಇದೇ ವಾರ್ಷಿಕ ಸಂಚಿಕೆಯನ್ನು ಕೈಯಲ್ಲಿ ಹಿಡಿದುಕೊಂಡು, ಕನ್ನಡದ ಒಂದಕ್ಷರವೂ ಬಾರದ ಹೆಂಗಸೊಬ್ಬಳು "ಇದರಲ್ಲಿ ನನ್ನ ಅಮ್ಮ ಎಲ್ಲಿದ್ದಾಳೆ?" ಎಂದು ಕೇಳಿದಳು. ನಾನು ಪುಟದ ಮೇಲೆ ಬೆರಳಿಟ್ಟು, "ಇಲ್ಲಿ — ಮೂರನೇ ಪ್ಯಾರಾದಲ್ಲಿ" ಎಂದೆ. ಅಲ್ಲಿ ಅವಳ ಅಮ್ಮ ಇರಲಿಲ್ಲ. ಆ ಲೇಖನದಲ್ಲಿ ಎಲ್ಲಿಯೂ ಇರಲಿಲ್ಲ. ನಾನೇ ತೆಗೆದುಹಾಕಿದ್ದೆ. ತೆಗೆ ಎಂದು ಯಾರೂ ಹೇಳಿರಲಿಲ್ಲ.

ಆ ಹೆಂಗಸು ಲೂಜ್. ಫಿಲಿಪೀನ್ಸಿನವಳು. ಹರ್ಲಿಂಗ್‌ಹ್ಯಾಮ್‌ನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್; ನಾವಿರುವ ಕಟ್ಟಡದಲ್ಲೇ, ನಾಲ್ಕನೇ ಮಹಡಿಯಲ್ಲಿ, ನಮ್ಮ ಎದುರು ಬಾಗಿಲು. ಅವಳ ಸಮುದ್ರದಂಚಿನ ಊರಿನ ಬಗ್ಗೆ, ಅಲ್ಲಿಯ ಜನರ ಬಗ್ಗೆ ಆಗ 'ಎದುರುಮನೆಯವರ ಊರು' ಅಂತ ಎರಡು ಪುಟ ಬರೆದಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಊರಿನ ಹೆಸರನ್ನು ಈ ಸಲ ಬರೆಯುವುದಿಲ್ಲ — ಬರೆಯುವ ಹಕ್ಕು ಕಳೆದುಕೊಂಡಿದ್ದೇನೆ. ಸಂಪಾದಕರಲ್ಲಿ ಒಂದೇ ಮಾತು: ಜಾಗ ಸಾಲದಿದ್ದರೆ ಕೊನೆಯಿಂದ ಕತ್ತರಿಸಿ, ಪ್ಯಾರಾಗಳನ್ನು ಮಾತ್ರ ಹಿಂದೆಮುಂದೆ ಮಾಡಬೇಡಿ. ಯಾಕೆಂದು ಆಮೇಲೆ ಗೊತ್ತಾಗುತ್ತದೆ.

ಲೂಜ್‌ಳ ಅಮ್ಮನ ಹೆಸರು ಸೊಲೆದಾದ್. ಬೆಳಕು ಹರಿಯುವ ಮೊದಲೇ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮೀನು ಸೀಳುತ್ತಿದ್ದಳು — ಹೊಟ್ಟೆಯ ಕಡೆಯಿಂದಲ್ಲ, ಬೆನ್ನಿನ ಕಡೆಯಿಂದ, ಒಂದೇ ಎಳೆತಕ್ಕೆ, ಪುಸ್ತಕ ಬಿಡಿಸಿದ ಹಾಗೆ. ಉಪ್ಪುನೀರಲ್ಲಿ ಅದ್ದಿ ಬಿದಿರಿನ ತಟ್ಟಿಯ ಮೇಲೆ ಹರವುತ್ತಿದ್ದಳು, ಬಿಸಿಲೇರಿದಾಗ ಒಂದು ಸಲ, ನಡುಮಧ್ಯಾಹ್ನ ಒಂದು ಸಲ ಮಗುಚುತ್ತಿದ್ದಳು. ಮೊಣಕೈವರೆಗೆ ಹುರುಪೆ ಅಂಟಿ ಮಿಂಚುತ್ತಿತ್ತಂತೆ. ದಡದಿಂದ ಎಳೆಯುವ ಬಲೆ ಬಂದ ದಿನ ಪಾಲು ಹಂಚುವವಳು ಅವಳೇ: ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಒಂದು ಪಾಲು, ಬಸುರಿ ಹಚ್ಚಿದರೆ ಎರಡು, ತಡವಾಗಿ ಓಡಿಬಂದವರಿಗೂ — ಬಲೆ ಮರಳು ಮುಟ್ಟುವ ಮೊದಲು ಬಂದಿದ್ದರೆ — ಪಾಲುಂಟು. ಇಗರ್ಜಿಯಲ್ಲಿ ಮೀನಿನವರೆಲ್ಲ ಹಿಂದಿನ ಬೆಂಚು, ವಾಸನೆಯಂತೆ. ಮಗಳು ಕಾಲೇಜು ಮುಗಿಸಿದ ಭಾನುವಾರ ಸೊಲೆದಾದ್ ಸೀದಾ ಹೋಗಿ ಮೊದಲನೇ ಬೆಂಚಿನಲ್ಲಿ ಕೂತಳು. ಪಕ್ಕದಾಕೆ ಮೂಗಿಗೆ ಕರವಸ್ತ್ರ ಹಿಡಿದಾಗ, "ದೇವರು ಶಿಷ್ಯರಾಗಿ ಎಂದು ಇದೇ ವಾಸನೆಯವರನ್ನು ಮೊದಲು ಕರೆದದ್ದು, ಮರೆತಿರೇನು?" ಎಂದಳಂತೆ. ಎಂಟು ಮಕ್ಕಳ ತಾಯಿ. ಕುಂದಾಪುರದ ಕಡೆಯ ಒಂದು ಅಳಿವೆಯಲ್ಲಿ ಇನ್ನೊಬ್ಬಳು ಹಾಗೇ ಕೂತು ಹೊಟ್ಟೆಯ ಕಡೆಯಿಂದ ಸೀಳುತ್ತಿದ್ದಳು. ಅವಳು ನನ್ನ ಅಬ್ಬಿ, ನನ್ನ ಅಮ್ಮ.

ಇದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿತ್ತು. ಈಗಲೂ ಇದೆ. ದಿನಾ ಬರೆದಿಡುವ ಚಾಳಿ ನನಗೆ — ಗ್ಯಾಸ್ ಸಿಲಿಂಡರ್ ಬದಲಿಸಿದ್ದು ಯಾವತ್ತು, ನೀರಿನ ಲಾರಿ ಬಂತೇ, ನಲ್ಲಿ ರಿಪೇರಿಯ ಫುಂಡಿ ಬರುತ್ತೇನೆಂದು ಹೇಳಿ ಬಾರದೇ ಹೋದ ಮಂಗಳವಾರ ಯಾವುದು. ಆ ವರ್ಷ ನನ್ನ ಬಲಭುಜ ಹಿಡಿದುಕೊಂಡಿತ್ತು. ರವಿಕೆಯ ಕೊಂಡಿ ಹಾಕಲಾಗುತ್ತಿರಲಿಲ್ಲ. ಕ್ಲಿನಿಕ್ಕಿನ ಗೋಡೆಯಲ್ಲಿ ರಾಟೆಯೊಂದು, ರಾಟೆಯಲ್ಲಿ ಹಗ್ಗ. ನೋವಿಗೆ ನಾನು ಹಲ್ಲು ಕಚ್ಚಿದರೆ ಲೂಜ್ ಊರಿನ ಸುದ್ದಿ ತೆಗೆಯುತ್ತಿದ್ದಳು.

"ಎಳೆಯಿರಿ ಆತೆ, ಎಳೆಯಿರಿ. ನೀವೊಬ್ಬರೇ ಅಲ್ಲ, ಇಡೀ ಊರೇ ಎಳೆಯುತ್ತಿದೆ ಅಂದುಕೊಳ್ಳಿ. ಬಲೆ ಬರ್ತಾ ಇದೆ!" — ಆತೆ ಅಂದರೆ ಅವಳ ಭಾಷೆಯಲ್ಲಿ ಅಕ್ಕ.

ನಾನು ಎಳೆಯುತ್ತಿದ್ದೆ. ಎಳೆಯುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಹಿಮ್ಮಡಿ ಮರಳಿಗೆ ಊರಿ, ಸೊಂಟಕ್ಕೆ ಹಗ್ಗ ಸುತ್ತಿ ಕೈರಂಪಣಿ ಬಲೆ ಎಳೆದ ಮೈ ಇದು. ನಮ್ಮಲ್ಲೂ ಹಗ್ಗ ಮುಟ್ಟಿದವರಿಗೆ ಪಾಲು. ಅದನ್ನು ಅವತ್ತು ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. "ಹೌದಾ? ಎಷ್ಟು ಚೆಂದ" ಎಂದೆ — ನೋಡಿಯೇ ಇರದವಳ ಹಾಗೆ.

ಮನೆಗೆ ಬಂದು ಎಲ್ಲ ಬರೆದಿಡುತ್ತಿದ್ದೆ. ಹವಳದ ಕಲ್ಲಿನ ಗೋಡೆಯ ಹಳೇ ಇಗರ್ಜಿ, ಎದುರಿಗೆ ಚೌಕ, ಚೌಕದಾಚೆ ಪುರಸಭೆ. ಪಕ್ಕದ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಕೊಯ್ಲಿನ ಕಾಲಕ್ಕೆ ಭತ್ತ ಹರವುತ್ತಾರೆ, ಹುಡುಗರು ಅಂಚಿನಲ್ಲಿ ಚೆಂಡು ಆಡುತ್ತಾರೆ. ಎರಡೂ ಕಡೆ ಬಿದಿರಿನ ತೋಳು ಚಾಚಿದ ದೋಣಿಗಳು, ಪ್ರತಿ ದೋಣಿಗೂ ಮನೆಯ ಹೆಣ್ಣುಮಗುವಿನ ಹೆಸರು. ಬಿರುಗಾಳಿ ಬರುವ ಮುನ್ನ ಮನೆಯ ಮಾಡನ್ನು ಹಗ್ಗದಿಂದ ನೆಲಕ್ಕೆ ಬಿಗಿಯುತ್ತಾರೆ; ಹೋದ ಮಾರನೇ ದಿನ ಯಾರ ಮಾಡು ಯಾರ ಅಂಗಳದಲ್ಲಿ ಬಿದ್ದಿದೆ ಎಂದು ನಗುತ್ತಲೇ ಹುಡುಕುತ್ತಾರೆ. ಊರಹಬ್ಬದ ದಿನ ಯಾವ ಮನೆಗೂ ಬಾಗಿಲು ಹಾಕುವುದಿಲ್ಲ, ಗುರುತಿಲ್ಲದವರೂ ಬಂದು ಉಂಡು ಹೋಗಬಹುದು. ಮನೆಗೊಬ್ಬರು ಹೊರಗಿದ್ದಾರೆ — ಹಡಗಿನಲ್ಲೋ ಆಸ್ಪತ್ರೆಯಲ್ಲೋ ಯಾರದೋ ಅಡುಗೆಮನೆಯಲ್ಲೋ. ಒಬ್ಬಳು ನೈರೋಬಿಯಲ್ಲಿ.

ಈಗ ನನ್ನದು. ನಾನು ಮೊಗವೀರರ ಮಗಳು. ಅಬ್ಬಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದವಳು. ಈ ಊರಿಗೆ ಬಂದ ಮೊದಲ ವರ್ಷ, ವೆಸ್ಟ್‌ಲ್ಯಾಂಡ್ಸ್‌ನ ಒಂದು ಮನೆಯಲ್ಲಿ ಊಟಕ್ಕೆ ಕೂತಾಗ ವಿಮಲಾ ಮೇಡಂ — ಆಗ ಅವರೇ ಸಂಘದ ಅಧ್ಯಕ್ಷರು — "ಶೈಲಾ, ನೀವು ವೆಜ್ ತಾನೇ? ನೋಡಿದ್ರೇನೇ ಗೊತ್ತಾಗತ್ತೆ" ಎಂದರು. ನಾನು ಹೌದೆಂದೆ. ಒಂದು ಹೌದು. ಅದರ ಹಿಂದೆ ಹನ್ನೆರಡು ವರ್ಷದ ಹೌದುಗಳು. ಅಪ್ಪ ಏನು ಮಾಡುತ್ತಿದ್ದರು ಎಂದರೆ "ಬಿಸಿನೆಸ್". ನನ್ನ ಗಂಡ ಸದಾಶಿವರಿಗಂತೂ ಇದೊಂದು ತಮಾಷೆ. "ನಮ್ಮನೇದು ಸಂಘಕ್ಕೆ ಹೋಗ್ವಾಗ ಸೊಪ್ಪು, ಊರಿಗೆ ಹೋದ್ರೆ ಬಂಗುಡೆ" ಎಂದು ರೇಗಿಸುತ್ತಾರೆ. ಲೂಜ್ ಮನೆಯಲ್ಲಿ ಒಣಮೀನು ಹುರಿದ ದಿನ ಲಿಫ್ಟಿನ ತುಂಬ ಘಮ. ಲಿಫ್ಟಿನಲ್ಲಿ ಜೊತೆಗಿದ್ದ ಸಂಘದವರು ಮೂಗು ಮುಚ್ಚಿದರೆ ನಾನೂ ಸೆರಗಿನಿಂದ ಮುಚ್ಚುತ್ತಿದ್ದೆ. ಸೆರಗಿನ ಒಳಗೆ ಬಾಯಲ್ಲಿ ನೀರು.

ಹಾಗಾಗಿ, ಲೇಖನ ಶುದ್ಧಪ್ರತಿ ಮಾಡುವಾಗ ಸೊಲೆದಾದ್ ಬಂದ ಕಡೆ ಪೆನ್ನು ನಿಂತಿತು. ಅವಳನ್ನು ಬರೆದರೆ — ಬೆನ್ನಿನಿಂದ ಸೀಳುವುದು, ತಟ್ಟಿ, ಮಗುಚುವ ಹೊತ್ತು — ಇಷ್ಟು ಚೆನ್ನಾಗಿ ಇವಳಿಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ? ಯಾರೂ ಕೇಳುತ್ತಿರಲಿಲ್ಲ. ಆದರೂ ಅವಳಿದ್ದ ಜಾಗದಲ್ಲಿ, ಮೂರನೇ ಪ್ಯಾರಾದಲ್ಲಿ, ತೆಂಗಿನ ತೋಪು ನೆಟ್ಟೆ. ಗರಿಗಳ ನಡುವೆ ಸೂರ್ಯ ಮುಳುಗಿಸಿದೆ. ಎರಡು ಪುಟದ ಸಮುದ್ರದೂರಿನಲ್ಲಿ 'ಮೀನು' ಎಂಬ ಪದ ಒಂದು ಸಲವೂ ಇಲ್ಲ. ಮೊನ್ನೆ ಕೂತು ಹುಡುಕಿದೆ.

ನ್ಗಾರಾದ ಸಭಾಂಗಣದಲ್ಲಿ ಸಂಚಿಕೆ ಬಿಡುಗಡೆ. ಲೂಜ್ ಕ್ಲಿನಿಕ್ಕಿಗೆ ರಜೆ ಹಾಕಿ, ಕಸೂತಿಯ ಬಿಳಿ ರವಿಕೆ ತೊಟ್ಟು ಬಂದಿದ್ದಳು. ವಿಮಲಾ ಮೇಡಂ ನನ್ನ ಕೈಹಿಡಿದು, "ಎಷ್ಟು ನೀಟಾಗಿ ಬರ್ದಿದೀರ ಶೈಲಾ! ಆ ಕಡೆ ಊರು ಅಂದ್ರೆ ಬರೀ ಮೀನು ಅಂದ್ಕೊಂಡಿದ್ವಿ, ಓದ್ತಿದ್ರೆ ಶ್ರೀಗಂಧದ ವಾಸನೆ ಬರತ್ತೆ" ಎಂದರು. ನಾನು ಸಂತೋಷಪಟ್ಟೆ. ಅದನ್ನೂ ಬರೆಯಲೇಬೇಕು — ನಾಚಿಕೆಯಲ್ಲ, ಸಂತೋಷವೇ ಆಗಿತ್ತು. ಆ ಸಂತೋಷದಲ್ಲಿರುವಾಗಲೇ ಲೂಜ್ ಬಂದು ಕೇಳಿದ್ದು, ನಾನು ಬೆರಳಿಟ್ಟದ್ದು. ಅವಳು ಕೈಚೀಲದಿಂದ ಪೆನ್ಸಿಲ್ ತೆಗೆದು ಆ ಪ್ಯಾರಾದ ಸುತ್ತ ಗೆರೆ ಎಳೆದಳು. ನಿಧಾನವಾಗಿ, ಒಂದು ಅಕ್ಷರದ ಒತ್ತಿಗೂ ತಾಗದ ಹಾಗೆ.

ಪುಟ ಅವಳ ಊರಿಗೆ ಹೋಯಿತು. ಅಣ್ಣ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ತೂಗುಹಾಕಿದ. ಒಂದು ಫೋಟೋ ಬಂತು: ಗೋಡೆಯ ಪಕ್ಕ ಸಣ್ಣ ದೇಹದ ಮುದುಕಿ, ಬೆರಳು ಪೆನ್ಸಿಲ್ ಗೆರೆಯ ನಡುವೆ, ಬಾಯಿ ತುಂಬ ನಗು. ಬಂದವರಿಗೆಲ್ಲ ತೋರಿಸುತ್ತಾಳಂತೆ — ಮೀನು ಕೊಳ್ಳಲು ಬಂದವರಿಗೆ, ಪಾದ್ರಿಗೆ, ಮೊದಲನೇ ಬೆಂಚಿನವರಿಗೆ. 'ಆಫ್ರಿಕಾದಲ್ಲಿ ಒಬ್ಬ ಭಾರತದ ಹೆಂಗಸು ನನ್ನನ್ನು ಬರೆದಿದ್ದಾಳೆ, ಇಗೋ ಇದು ನಾನು.' ನಾನು ಆ ಫೋಟೋಗೆ ಮೊಬೈಲಿನಲ್ಲಿ ಒಂದು ಕೆಂಪು ಹೃದಯ ಕಳಿಸಿ, ಕುಕ್ಕರ್ ಕೂಗಿತೆಂದು ಎದ್ದುಹೋದೆ.

ಹೇಳಲು ಐದು ವರ್ಷವಿತ್ತು. ದಿನಾ ಲಿಫ್ಟಿನಲ್ಲಿ ಸಿಗುತ್ತಿದ್ದಳು. ಕಳೆದ ವರ್ಷ ಸೊಲೆದಾದ್ ತೀರಿಕೊಂಡಳು. ಶವಪೆಟ್ಟಿಗೆಯ ಗಾಜಿನ ಮೇಲೆ ಜಪಮಾಲೆಯ ಪಕ್ಕ ಆ ಪುಟ ಇಟ್ಟಿದ್ದರು ಎಂದು ಲೂಜ್ ಹೇಳಿದಾಗ — ಇಲ್ಲ, ಆಗಲೂ ಹೇಳಲಿಲ್ಲ. ಅವಳ ಕೈಹಿಡಿದು ಕೂತಿದ್ದೆ. ಎಂಥ ಕೈ.

ಅವರಲ್ಲಿ ವರ್ಷಕ್ಕೆ ಸೂತಕ ಇಳಿಸುವ ಪೂಜೆಯಿದೆ. ಅದಾದ ಮೇಲೆ ಕಪ್ಪು ಬಟ್ಟೆ ಬಿಡುತ್ತಾರೆ. ಎರಡು ತಿಂಗಳ ಹಿಂದೆ ಲೂಜ್ ಆ ಪುಟದ ಪ್ರತಿ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದಳು. "ಆತೆ, ಪೂಜೆಯ ದಿನ ಅಣ್ಣ ಓದುತ್ತಾನೆ. ಇಂಗ್ಲಿಷ್ ಮಾಡಿಕೊಡಿ. ಎಲ್ಲಾ ಬೇಡ. ಮೂರನೇ ಪ್ಯಾರಾ ಸಾಕು."

ಆ ವಾರ ನಾನು ಮಾಡಿದ್ದೂ ನಿಮಗೆ ತಿಳಿಯಲಿ. ಹಳೇ ನೋಟ್‌ಬುಕ್ ತೆಗೆದು ಸೊಲೆದಾದಳ ಬಗ್ಗೆ ಹೊಸದಾಗಿ, ಇಂಗ್ಲಿಷಿನಲ್ಲಿ ಬರೆದೆ. ಚೆನ್ನಾಗಿ ಬಂತು. 'ಅನುವಾದ' ಎಂದು ಮೇಲೆ ಹಾಕಿ ಕೊಟ್ಟುಬಿಟ್ಟರೆ ಮುಗಿಯುತ್ತಿತ್ತು. ಯಾರ ಮನಸ್ಸೂ ನೋಯುತ್ತಿರಲಿಲ್ಲ, ಪೂಜೆ ಸಾಂಗವಾಗುತ್ತಿತ್ತು. ಸದಾಶಿವರೂ "ಕೊಟ್ಬಿಡು ಮಾರಾಯ್ತಿ, ಪುಣ್ಯದ ಸುಳ್ಳು" ಎಂದರು. ಆಗ ಅಬ್ಬಿ ಕಣ್ಣೆದುರು ಬಂದಳು. ಒಮ್ಮೆ ಶಾಲೆಯ ಗೇಟಿನಲ್ಲಿ ಅವಳ ಬುಟ್ಟಿ ಕಂಡು ನಾನು ಬೇಲಿಯ ಹಿಂದೆ ಅಡಗಿದ್ದೆ. ಅವಳು ನೋಡಿದಳು. ಬೈಯಲಿಲ್ಲ. "ನಾಚ್ಕಿ ಎಂತಕ್ಕೆ ಹೆಣೆ? ಸಮುದ್ರ ಕೊಟ್ಟದ್ದ್ ಮಾರೂದ್, ಕದ್ದದ್ದಲ್ಲ" ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೋದಳು. ಕದ್ದವಳು ನಾನು. ಒಬ್ಬಳ ಅಮ್ಮನನ್ನು ಕದ್ದು, ಅದೇ ಕೈಯಲ್ಲಿ ವಾಪಸು ಉಡುಗೊರೆ ಕೊಡಲು ಹೊರಟಿದ್ದೆ.

ಲೂಜ್‌ಳನ್ನು ಕರೆದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಅಚ್ಚಾದ ಮೂರನೇ ಪ್ಯಾರಾವನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಓದಿದೆ. ಸೂರ್ಯ. ಗರಿ. ತೆಂಗು. ನಿಲ್ಲಿಸಿದೆ.

"ಮುಂದೆ?" ಎಂದಳು.

"ಮುಂದೆ ಇಲ್ಲ. ಇಷ್ಟೇ. ನಿನ್ನ ಅಮ್ಮ ಇದರಲ್ಲಿ ಇಲ್ಲ."

ತುಂಬ ಹೊತ್ತು ಅವಳು ಆ ಪುಟವನ್ನೇ ನೋಡಿದಳು, ಈಗಲಾದರೂ ಓದಲು ಬಂದೀತೇನೋ ಎನ್ನುವ ಹಾಗೆ. ಆಮೇಲೆ ಕೇಳಿದ್ದು ಒಂದೇ. "ತೆಂಗಾ?" ನಕ್ಕಳು — ನಗುವಲ್ಲ ಅದು. "ಅಮ್ಮನಿಗೆ ತೆಂಗಿನ ಮರ ಕಂಡರೆ ಆಗುತ್ತಿರಲಿಲ್ಲ ಆತೆ. ನೆರಳು ಬಿದ್ದರೆ ಮೀನು ಒಣಗುವುದಿಲ್ಲ."

ಎದ್ದು ಹೋದಳು. ಪುಟ ಇಲ್ಲೇ ಬಿಟ್ಟಳು. ಅಂದಿನಿಂದ ಲಿಫ್ಟಿನಲ್ಲಿ ನಾನಿದ್ದರೆ ಮೆಟ್ಟಿಲು ಹತ್ತುತ್ತಾಳೆ, ನಾಲ್ಕು ಮಹಡಿ. ಅವಳ ಚಪ್ಪಲಿಯ ಸದ್ದು ಕೇಳಿಸುತ್ತದೆ. ಅದನ್ನೂ ಬರೆದಿಡುತ್ತಿದ್ದೇನೆ: ಇವತ್ತಿಗೆ ಐವತ್ತಮೂರು ದಿನ.

ಸಂಘದವರೇ, ನಿಮ್ಮ ಮೇಲೆ ನಾನು ಏನನ್ನೂ ಹೊರಿಸುವುದಿಲ್ಲ. ನೀವು ಕೇಳಿದಿರಿ, ನಾನು ಹೌದೆಂದೆ — ಅಷ್ಟೇ. ಆದರೆ ಆ ಹೌದನ್ನು ಇವತ್ತು ವಾಪಸು ತಗೊಳ್ಳುತ್ತಿದ್ದೇನೆ, ಕ್ಷಮೆಯಿಲ್ಲದೆ. ನನ್ನ ಅಬ್ಬಿ ಮೀನು ಮಾರುತ್ತಿದ್ದಳು. ನಾನು ಮೀನು ತಿನ್ನುತ್ತೇನೆ. ಮುಂದಿನ ಸಲ ಎಲ್ಲರೂ ಮನೆಯಿಂದ ಅಡುಗೆ ತರುವ ದಿನ ನಾನು ಚಟ್ಲಿ ಸುಕ್ಕ ತರುತ್ತೇನೆ — ಸಿಗಡಿಯದ್ದು, ತೆಂಗಿನಕಾಯಿ ಹಾಕಿ ಹುರಿದದ್ದು. ಬೇರೆ ಮೇಜು ಬೇಕಿದ್ದರೆ ಬೇರೆ ಮೇಜೇ ಹಾಕಿ. ನಾನು ಮೊದಲನೇ ಬೆಂಚಿನಲ್ಲೇ ಕೂರುತ್ತೇನೆ.

ಲೂಜ್, ನಿನ್ನಲ್ಲಿ ಕ್ಷಮೆ ಕೇಳಿದರೆ ಅದೂ ನನಗೇ ಒಂದು ಪಾಲು ಕೇಳಿದಂತೆ. ಕೇಳುವುದಿಲ್ಲ. ಬಲೆ ಮರಳು ಮುಟ್ಟಿಯಾಗಿದೆ, ಹಂಚುವವಳೂ ಇಲ್ಲ. ಹಗ್ಗ ಹಿಡಿದದ್ದು ನಾನು ಆಮೇಲೆ. ಈ ಸಂಚಿಕೆ ಅಚ್ಚಾದ ದಿನ ಒಂದು ಪ್ರತಿಯನ್ನು ನಿನ್ನ ಬಾಗಿಲ ಕೆಳಗೆ ತಳ್ಳುತ್ತೇನೆ, ಜೊತೆಗೆ ಪದಕ್ಕೆ ಪದ ಇಂಗ್ಲಿಷ್. ನನ್ನನ್ನು ನಂಬಬೇಡ. ನಿನ್ನ ಕ್ಲಿನಿಕ್ಕಿಗೆ ಬರುವ ಯಾವ ಕನ್ನಡದವರ ಕೈಗಾದರೂ ಇದನ್ನು ಕೊಟ್ಟು, ಮೇಲಿನಿಂದ ಎಣಿಸಿ, ಮೂರನೇ ಪ್ಯಾರಾ ಓದಿ ಹೇಳಿ ಎನ್ನು. ಮೊದಲ ಪದವೇ ನಿನ್ನ ಹೆಸರು. ಎರಡನೆಯದು, ಅಮ್ಮ.