ಹಳೇ ಊರಿನ ಗಿಡ್ಡ ಬಾಗಿಲು

ಇಂಥ ಕಥೆಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು ನಾನು. ಅಳತೆಗೆ ಸಿಗದ ಯಾವುದನ್ನೂ ನಂಬಿದವಳಲ್ಲ. ದೆವ್ವ ಕಂಡೆ ಎಂದ ಹುಡುಗಿಯರನ್ನು ಎಲ್ಲಿ, ಎಷ್ಟು ಗಂಟೆಗೆ, ಎಷ್ಟು ದೂರದಲ್ಲಿ ಎಂದು ಕೇಳಿ ಕೇಳಿ ಅಳಿಸಿದ್ದೇನೆ. ಈಗ ನನ್ನದೇ ಅನುಭವ ಬರೆಯುತ್ತಿದ್ದೇನೆ. ನಗುವವರು ನಗಬಹುದು, ನಾನು ಮಾತ್ರ ಒಂದಕ್ಷರ ಬದಲಿಸುವುದಿಲ್ಲ.

ನಮ್ಮ ಊರು ಕೊಲ್ಹಾರದ ಸೇತುವೆಯಿಂದ ಒಂದಿಷ್ಟು ದೂರ. ಕೃಷ್ಣೆಯ ಹಿನ್ನೀರು ಎರಡು ದಿಬ್ಬಗಳ ನಡುವೆ ಕೊಲ್ಲಿಯ ಹಾಗೆ ಒಳಗೆ ನುಗ್ಗಿ ನಿಂತಿದೆ. ಅದರ ತಳದಲ್ಲಿ ಹಳೇ ಊರು, ದಡದ ಮೇಲೆ ಹೊಸ ಊರು. ಹಳೇ ಊರಿಗೆ ಅಗಸಿ ಬಾಗಿಲಿತ್ತು, ಅಲ್ಲಿಂದ ಕುಂಬಾರ ಓಣಿ, ಓಣಿ ಮುಗಿದಲ್ಲಿ ಹೊಳೆಯ ಮೆಟ್ಟಿಲು. ಹೊಸ ಊರಿನಲ್ಲಿ ಚೀಟಿ ಎತ್ತಿ ಪ್ಲಾಟು ಹಂಚಿದ್ದರಿಂದ, ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದವರು ಮೂಲೆಮೂಲೆಗೆ ಚದುರಿಹೋದರು. ನಾನು ಹುಟ್ಟಿದ್ದು ಹೊಸ ಊರಿನಲ್ಲಿ, ಮುಳುಗಡೆಯಾಗಿ ಎರಡು ವರ್ಷದ ಮೇಲೆ.

ಬೇಸಿಗೆಯಲ್ಲಿ ನೀರು ತೀರ ಕೆಳಗಿಳಿದ ವರ್ಷ ನಮ್ಮಲ್ಲಿ ಒಂದು ರೂಢಿ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹಳೇ ಊರಿಗೆ ಇಳಿದು, ತಮ್ಮ ತಮ್ಮ ಹೊಸ್ತಿಲ ಕಲ್ಲು ತೊಳೆದು ಅರಿಸಿನ ಕುಂಕುಮ ಹಚ್ಚಿ, ಅಲ್ಲೇ ಕೂತು ರೊಟ್ಟಿ ತಿಂದು ಬರುತ್ತಾರೆ. ಮುಸಲ್ಮಾನರ ಮನೆಯವರು ಲೋಬಾನ ಹಾಕುತ್ತಾರೆ. ಬಿಟ್ಟು ಬರುವಾಗ ಮನೆ ಕೆಡವಿ ತೊಲೆ, ಕಲ್ಲು ಹೊತ್ತು ತಂದಿದ್ದರಿಂದ, ಉಳಿದದ್ದರ ಮೇಲೆ ಹೂಳು ಕೂತಿದ್ದರಿಂದ, ಯಾವುದು ಯಾರ ಮನೆ ಎಂದು ಗುರುತು ಹತ್ತುವುದು ಕಷ್ಟ. ನಮ್ಮ ದೊಡ್ಡಪ್ಪಂದಿರು ಬೇವಿನ ಬೊಡ್ಡೆಯ ಪಕ್ಕದ ಒಂದು ಕಲ್ಲನ್ನು ನಮ್ಮದೆಂದು ಪೂಜಿಸುತ್ತ ಬಂದಿದ್ದರು. ಅಪ್ಪನ ತಾಯಿ, ನಮ್ಮ ಆಯಿ, ಪ್ರತಿ ಸಲವೂ ಅದರ ಮೇಲೆ ಕೈಯಾಡಿಸಿ ಇದು ನಮ್ಮದಲ್ಲ ಎನ್ನುತ್ತಿದ್ದಳು. ಮುದುಕಿಗೆ ಅರಳುಮರಳು ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು, ನಾನೂ ಸೇರಿ.

ಕೆಲವು ವರ್ಷದ ಹಿಂದೆ ಆಯಿಯ ಕಣ್ಣು ನೋಡಿದ ಡಾಕ್ಟರು ಕಾಚಬಿಂದು, ಅಂದರೆ ಗ್ಲಾಕೋಮಾ, ಎಂದರು, ಇರುವ ಮಸುಕು ಬೆಳಕೂ ಹೆಚ್ಚು ದಿನ ಇರುವುದಿಲ್ಲ ಎಂದರು. ಆಯಿ ಅಳಲಿಲ್ಲ. ಕಣ್ಣು ಹೋಗುವ ಮೊದಲು ತನ್ನ ಹೊಸ್ತಿಲಿಗೆ ಒಮ್ಮೆ ತಾನೇ ಕುಂಕುಮ ಹಚ್ಚಬೇಕು, ಅಷ್ಟೇ ಎಂದಳು. ಗಂಡ ಸತ್ತವಳು ಕುಂಕುಮ ಮುಟ್ಟಬಾರದು ಎನ್ನುವವರ ಮಾತನ್ನು ಅವಳು ಎಂದೂ ಕಿವಿಗೆ ಹಾಕಿಕೊಂಡವಳಲ್ಲ. ನಾನು ಹುಡುಕಿಕೊಡುತ್ತೇನೆ ಎಂದು ಜಂಬದಿಂದ ಹೊರಟೆ. ಹಳೇ ಊರಿನ ನಕ್ಷೆಯ ಪ್ರತಿ ಸಂಪಾದಿಸಿದೆ, ಉದ್ದನೆಯ ಟೇಪು ಕೊಂಡೆ. ಆ ಬೇಸಿಗೆ ನೀರು ತೀರ ಇಳಿದಾಗ, ಹಿನ್ನೀರಿನಲ್ಲಿ ಮೀನು ಹಿಡಿಯುವ ಮೌಲಾಸಾಬ ಕಾಕಾ ತನ್ನ ತೆಪ್ಪದಲ್ಲಿ ನಮ್ಮಿಬ್ಬರನ್ನೂ ಉಳಿದಿದ್ದ ನೀರು ದಾಟಿಸಿದ. ಅವನು ಮುಳುಗಡೆಯ ನಂತರ ಬಂದವನು, ಹಳೇ ಊರನ್ನು ಕಂಡವನಲ್ಲ.

ಅಗಸಿಯ ಬುನಾದಿ ಇನ್ನೂ ಗಟ್ಟಿಯಾಗಿದೆ. ಅಲ್ಲಿಂದ ನಕ್ಷೆಯ ಪ್ರಕಾರ ಅಳೆದರೆ ಟೇಪು ನೇರವಾಗಿ ಬೇವಿನ ಬೊಡ್ಡೆಯ ಕಲ್ಲಿಗೇ ಬಂದು ನಿಂತಿತು. ದೊಡ್ಡಪ್ಪಂದಿರೇ ಸರಿ ಎಂದೆ. ಆಯಿ ಕೂತು ಕಲ್ಲನ್ನು ಸವರಿದಳು. ಕುಂಕುಮದ ಭರಣಿ ಮಾತ್ರ ತೆಗೆಯಲಿಲ್ಲ.

“ನಿನ್ನ ಟೇಪ ನಿನ್ನ ಹಂತೇಕ ಇರ್ಲಿ. ಇದು ನಮ್ಮ ಹೊಸ್ತಿಲಲ್ಲ. ಮಂದಿ ಹೊಸ್ತಿಲಕ್ಕ ನಾ ಕುಂಕುಮ ಹಚ್ಚಂಗಿಲ್ಲ,” ಎಂದಳು.

ನನಗೆ ಸಿಟ್ಟು ಬಂತು. ಟೇಪು ಸುತ್ತುತ್ತ ಹೊಳೆಯ ಮೆಟ್ಟಿಲ ಕಡೆ ಬಿರಬಿರನೆ ನಡೆದೆ. ಸುತ್ತಲೂ ಬಿರುಕುಬಿಟ್ಟ ಹೂಳು, ಅಲ್ಲಲ್ಲಿ ಮಡಕೆಯ ಚೂರು, ಬೇರೇನೂ ಇಲ್ಲ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ, ಹೊಟ್ಟೆ ತುಂಬ ತಿಂದಿದ್ದೆ, ತಲೆಗೆ ಸೆರಗು ಹೊದ್ದಿದ್ದೆ. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ಬಿಸಿಲು ಬಡಿದಿತ್ತು ಎಂದೇ ಆಮೇಲೆ ಎಲ್ಲರೂ ತೀರ್ಪು ಕೊಟ್ಟರು.

ಹಿಂದಿನಿಂದ ಯಾರೋ ನನ್ನ ತಲೆಯ ಮೇಲೆ ಅಂಗೈ ಇಟ್ಟು ಕೆಳಗೆ ಒತ್ತಿದರು. ಮೆತ್ತಗೆ, ಆದರೆ ಅವಸರದಿಂದ. ದೊಡ್ಡ ಅಂಗೈ, ಬೆರಳು ಹಣೆಯವರೆಗೂ ಬಂದಿದ್ದವು. ನಾನು ತಲೆ ಬಗ್ಗಿಸಿ, ಬಲಗಾಲು ಎತ್ತಿ ಏನನ್ನೋ ದಾಟಿದೆ. ತಿರುಗಿ ನೋಡಿದರೆ ಯಾರೂ ಇಲ್ಲ. ಆಯಿ ಕಾಕಾನ ತೋಳು ಹಿಡಿದು ಇಪ್ಪತ್ತು ಹೆಜ್ಜೆ ದೂರದಲ್ಲಿ ಬರುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ಹೆದರಿದೆ.

“ಯಾಕವಾ ತಂಗಿ, ಬಗ್ಗಿ ದಾಟಿದಿ? ಅಲ್ಲೇನೂ ಇಲ್ಲಲ್ಲ,” ಎಂದ ಕಾಕಾ.

ಅವನು ಕೈಯಲ್ಲಿದ್ದ ಗಳದಿಂದ ಆ ಜಾಗ ಕುಟ್ಟಿದ. ಕೆಳಗೆ ಗಟ್ಟಿ ಸದ್ದು. ಇಬ್ಬರೂ ಸೇರಿ ಒಂದು ಗೇಣು ಹೂಳು ತೆಗೆದಾಗ ಉದ್ದನೆಯ ಕಲ್ಲು ಕಂಡಿತು. ಆಯಿ ಪಕ್ಕದಲ್ಲಿ ಕೂತು ಅದರ ಮೈ ಸವರುತ್ತ ಹೋದಳು. ಒಳಗಿನ ಅಂಚಿಗೆ ಬಂದಾಗ ಅವಳ ಬೆರಳು ಒಂದು ಒಡಕಿನಲ್ಲಿ ನಿಂತಿತು. ದಿನಾ ಹೊಸ್ತಿಲು ಸಾರಿಸುವ ಕೈಗಷ್ಟೇ ಗೊತ್ತಾಗುವ ಒಡಕು ಅದು. ಮನೆಯ ಗಂಡಸರು ಆ ಕಲ್ಲನ್ನು ದಾಟಿದ್ದರೇ ಹೊರತು ಮುಟ್ಟಿದವರಲ್ಲ.

“ಬಾಗಲಾ ಗಿಡ್ಡ ಇತ್ತು. ಹುಡುಗ್ರು ಓಡಿ ಬಂದ್ರ ಹಣಿ ಬಡೀತೈತಿ ಅಂತ ನಿಮ್ಮ ಮುತ್ಯಾ ಹಿಂದಿಂದ ತಲಿ ಒತ್ತತಿದ್ರು,” ಎಂದಳು.

ಆ ಅಂಗೈಯ ವಿಷಯ ನಾನು ಅವಳಿಗೆ ಇನ್ನೂ ಹೇಳಿರಲೇ ಇಲ್ಲ. ಮುತ್ಯಾ, ಅಂದರೆ ಆಯಿಯ ಗಂಡ, ತೀರಿಕೊಂಡದ್ದು ಹಳೇ ಊರಿನಲ್ಲಿ, ನಾನು ಹುಟ್ಟುವ ಮೊದಲೇ. ಆಯಿ ಕಲ್ಲು ತೊಳೆದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅರಿಸಿನ ಕುಂಕುಮ ಹಚ್ಚಿ, ಕಣ್ಣು ಹತ್ತಿರ ಒಯ್ದು ಬಹಳ ಹೊತ್ತು ನೋಡಿದಳು. ಆ ಮಳೆಗಾಲದಲ್ಲಿ ಅವಳ ದೃಷ್ಟಿ ಪೂರ್ತಿ ಹೋಯಿತು. ನೀರೂ ಮತ್ತೆ ಅಷ್ಟು ಕೆಳಗಿಳಿದಿಲ್ಲ.

ಹೊಸ ಊರಿನ ಸಮುದಾಯ ಭವನಕ್ಕೆಂದು ನಾನು ಹಳೇ ಊರಿನ ನಕ್ಷೆ ಬರೆದುಕೊಟ್ಟೆ. ನಮ್ಮ ಮನೆಯನ್ನು ಆಯಿ ಕುಂಕುಮ ಹಚ್ಚಿದಲ್ಲಿ ಗುರುತಿಸಿದ್ದೆ. ಅಳತೆಗೆ ಕೂಡುವುದಿಲ್ಲ, ತಿದ್ದಿ ಎಂದರು ಹಿರಿಯರು. ಬೇಕಾದರೆ ನಕ್ಷೆಯನ್ನೇ ಗೋಡೆಯಿಂದ ಕೆಳಗಿಳಿಸಿರಿ, ಗುರುತು ಮಾತ್ರ ನಾನು ತೆಗೆಯುವುದಿಲ್ಲ ಎಂದೆ. ಅವತ್ತು ಮರಳುವ ಮುನ್ನ ಮತ್ತೆರಡು ಸಲ, ಒಟ್ಟು ಮೂರು ಸಲ ಅಗಸಿಯಿಂದ ಅಳೆದಿದ್ದೇನೆ, ಟೇಪು ಪ್ರತಿ ಸಲ ಬೇವಿನ ಬೊಡ್ಡೆಯನ್ನೇ ತೋರಿಸಿದೆ. ಎಲ್ಲಿ ತಪ್ಪಿತೆಂದು ಇವತ್ತಿಗೂ ತಿಳಿದಿಲ್ಲ. ಆ ಕೈ ಯಾರದೆಂದೂ ತಿಳಿದಿಲ್ಲ. ಆದರೂ ನಮ್ಮ ಮನೆ ಇದ್ದದ್ದು ಅಲ್ಲಿಯೇ.